ರೈಸರ್‌ಎಫ್‌ಎಸ್ ಡಿಸ್ಕ್ ಈಗ ಏಕೆ ತೆರೆಯುವುದಿಲ್ಲ?

ಪ್ರಶ್ನೆ: ನಮ್ಮ ತಂದೆಯವರು ಧಾರವಾಡದಲ್ಲಿ ಸಣ್ಣದೊಂದು ಮುದ್ರಣಾಲಯ ನಡೆಸುತ್ತಿದ್ದರು. 2005ರ ಸುಮಾರಿಗೆ ಅವರ ಕಂಪ್ಯೂಟರಿನಲ್ಲಿ ಸೂಸೆ ಲಿನಕ್ಸ್ ಇತ್ತು. ಅದರ 40 ಜಿಬಿ ಹಾರ್ಡ್ ಡಿಸ್ಕ್ ಈಗ ನನ್ನ ಕೈಗೆ ಸಿಕ್ಕಿದೆ. ಹೊಸ ಲ್ಯಾಪ್‌ಟಾಪಿಗೆ ಜೋಡಿಸಿದರೆ ‘ರೈಸರ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಂ ಗೊತ್ತಿಲ್ಲ’ ಎಂಬ ಸಂದೇಶ ಬರುತ್ತದೆ. ಇದನ್ನು ಬರೆದವನು ಕೊಲೆ ಮಾಡಿ ಜೈಲಿಗೆ ಹೋದ, ಅದಕ್ಕೇ ಲಿನಕ್ಸ್‌ನವರು ಕಿತ್ತುಹಾಕಿದರು ಎಂದು ಹಲವರು ಹೇಳುತ್ತಾರೆ. ನಿಜವೇ? ಡಿಸ್ಕಿನಲ್ಲಿರುವುದು ನನಗೆ ಸಿಗುತ್ತದೆಯೇ?

ಉತ್ತರ: ಮೊದಲು ಆ ಡಿಸ್ಕನ್ನು ಕಳಚಿ ಪಕ್ಕಕ್ಕೆ ಇಡಿ. ಫಾರ್ಮ್ಯಾಟ್ ಮಾಡಲೇ ಎಂದು ಲ್ಯಾಪ್‌ಟಾಪ್ ಕೇಳಿದರೆ ಬೇಡ ಎನ್ನಿ. ‘ರಿಪೇರಿ’ ಎಂಬ ಹೆಸರಿರುವ ಯಾವ ತಂತ್ರಾಂಶವನ್ನೂ ಸದ್ಯಕ್ಕೆ ಅದರ ಮೇಲೆ ಓಡಿಸಬೇಡಿ. ಡಿಸ್ಕ್ ಕೆಟ್ಟಿದೆ ಎನ್ನುವ ಯಾವ ಲಕ್ಷಣವೂ ನೀವು ಬರೆದಿರುವುದರಲ್ಲಿ ಕಾಣುತ್ತಿಲ್ಲ. ಅದನ್ನು ಓದುವ ಕೋಡ್ ನಿಮ್ಮ ಲ್ಯಾಪ್‌ಟಾಪಿನ ಕರ್ನಲ್‌ನಲ್ಲಿ, ಅಂದರೆ ಲಿನಕ್ಸ್‌ನ ತಿರುಳಿನಲ್ಲಿ, ಇಲ್ಲ, ಅಷ್ಟೇ.

ಸಂದೇಶದಲ್ಲಿ ರೈಸರ್‌ಎಫ್‌ಎಸ್ ಎಂಬ ಹೆಸರು ಬಂದಿರುವುದೇ ಸಮಾಧಾನದ ಸಂಗತಿ. ಫೈಲ್ ಸಿಸ್ಟಂ ಎಂದರೆ ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ಪದ್ಧತಿ. ಈ ಫೈಲ್ ಸಿಸ್ಟಂ ತನ್ನ ಮುಖಪುಟವನ್ನು, ಅಂದರೆ ಸೂಪರ್‌ಬ್ಲಾಕ್ ಎನ್ನುವುದನ್ನು, ಡಿಸ್ಕಿನ ವಿಭಾಗದ ಮೊದಲ 64 ಕೆಬಿ ದಾಟಿದ ಕೂಡಲೇ ಇಡುತ್ತದೆ. ಅದರೊಳಗೆ ‘ರೈಸರ್2ಎಫ್‌ಎಸ್’ ಎಂದು ಇಂಗ್ಲಿಷಿನ ಒಂಬತ್ತು ಅಕ್ಷರಗಳ ಗುರುತು ಇರುತ್ತದೆ. ಒಂದು ದೊಡ್ಡಕ್ಷರ, ಒಂದು ಸಣ್ಣಕ್ಷರ, ಮತ್ತೆ ಒಂದು ದೊಡ್ಡಕ್ಷರ, ಹೀಗೆ ಹೆಣೆದು ಬರೆದದ್ದು. ಆ ಗುರುತು ಓದಲು ಸಿಕ್ಕಿದ್ದರಿಂದಲೇ ಲ್ಯಾಪ್‌ಟಾಪಿಗೆ ಹೆಸರು ತಿಳಿಯಿತು. ಎಂದರೆ ಡಿಸ್ಕ್ ತಿರುಗುತ್ತಿದೆ, ಮುಖಪುಟ ಅಳಿದಿಲ್ಲ.

ಇನ್ನು ಕೊಲೆಯ ವಿಷಯ. ಈ ಫೈಲ್ ಸಿಸ್ಟಂ ಕಟ್ಟಿದ ಹ್ಯಾನ್ಸ್ ರೈಸರ್ ತನ್ನ ಹೆಂಡತಿಯನ್ನು ಕೊಂದದ್ದು ನಿಜ. ಅದಕ್ಕಾಗಿಯೇ ಫೈಲ್ ಸಿಸ್ಟಂ ತೆಗೆದರು ಎಂಬುದು ನಿಜವಲ್ಲ. ಕೊಲೆಗೂ ಕೋಡ್ ತೆಗೆದದ್ದಕ್ಕೂ ನಡುವೆ ಹದಿನೆಂಟು ವರ್ಷಗಳ ಅಂತರವಿದೆ. ಆ ಹದಿನೆಂಟು ವರ್ಷ ಏನಾಯಿತು ಎಂಬುದನ್ನು ಬಿಟ್ಟರೆ ಈ ಕಥೆ ಅರ್ಥವಾಗುವುದಿಲ್ಲ. ಹಾಗಾಗಿ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

1990ರ ದಶಕದ ಕೊನೆಯಲ್ಲಿ ಲಿನಕ್ಸ್ ಬಳಸುವವರೆಲ್ಲ ನೆಚ್ಚಿಕೊಂಡಿದ್ದ ಫೈಲ್ ಸಿಸ್ಟಂ ಇಎಕ್ಸ್‌ಟಿ2. ವೇಗವಾಗಿತ್ತು, ಸರಳವಾಗಿತ್ತು. ಆದರೆ ಯಂತ್ರ ಓಡುತ್ತಿರುವಾಗ ಕರೆಂಟ್ ಹೋದರೆ ಕೆಲಸ ಕೆಟ್ಟಿತು. ಮತ್ತೆ ಚಾಲೂ ಮಾಡಿದಾಗ ಅದು ಇಡೀ ಡಿಸ್ಕನ್ನು ಆದಿಯಿಂದ ಅಂತ್ಯದವರೆಗೆ ತಾಳೆ ನೋಡುತ್ತಿತ್ತು. ನಾನು ಆಗ ಒಂದು ಕಚೇರಿಯ ಮೇಲ್ ಸರ್ವರ್ ನೋಡಿಕೊಳ್ಳುತ್ತಿದ್ದೆ. ಬೇಸಿಗೆಯಲ್ಲಿ ಲೋಡ್ ಶೆಡ್ಡಿಂಗ್ ಇಲ್ಲದ ದಿನವೇ ಇರಲಿಲ್ಲ, ಯುಪಿಎಸ್ ಬ್ಯಾಟರಿಯೋ ಹಳತು. ಕರೆಂಟ್ ಬಂದ ಮೇಲೂ ಕಪ್ಪು ಪರದೆಯ ಮೇಲೆ ಶೇಕಡಾ ಅಂಕಿ ಒಂದೊಂದಾಗಿ ಏರುವುದನ್ನು ನೋಡುತ್ತಾ ಅರ್ಧ ಗಂಟೆ ಕೂರುತ್ತಿದ್ದೆ. ನಡುವೆ ‘ಇದನ್ನು ಸರಿಪಡಿಸಲೇ?’ ಎಂದು ಅದು ಕೇಳಿದಾಗ ಏನು ಉತ್ತರಿಸಬೇಕೆಂದು ತಿಳಿಯದೆ ‘ಹೌದು’ ಒತ್ತುತ್ತಿದ್ದೆ.

ಈ ಕಷ್ಟಕ್ಕೆ ಪರಿಹಾರ ಜರ್ನಲ್. ಅಂಗಡಿಯವರು ಮೊದಲು ಕಚ್ಚಾ ಪುಸ್ತಕದಲ್ಲಿ ಗೀಚಿಕೊಂಡು, ಆಮೇಲೆ ಖಾತೆ ಪುಸ್ತಕಕ್ಕೆ ಏರಿಸುವುದಿಲ್ಲವೇ, ಹಾಗೆ. ಫೈಲ್ ಸಿಸ್ಟಂ ತಾನು ಮಾಡಲಿರುವ ಬದಲಾವಣೆಯನ್ನು ಮೊದಲು ಜರ್ನಲ್‌ನಲ್ಲಿ ಬರೆದುಕೊಳ್ಳುತ್ತದೆ, ಬಳಿಕ ನಿಜವಾದ ಜಾಗದಲ್ಲಿ ಮಾಡುತ್ತದೆ. ನಡುವೆ ಕರೆಂಟ್ ಹೋದರೆ ಇಡೀ ಖಾತೆ ತಿರುವಿಹಾಕಬೇಕಿಲ್ಲ; ಕಚ್ಚಾ ಪುಸ್ತಕದ ಕೊನೆಯ ಪುಟ ನೋಡಿದರೆ ಸಾಕು. ಲಿನಕ್ಸ್‌ನ ಮುಖ್ಯ ಕರ್ನಲ್‌ಗೆ ಈ ಸೌಲಭ್ಯವನ್ನು ಮೊದಲು ತಂದದ್ದು ರೈಸರ್‌ಎಫ್‌ಎಸ್, 2001ರ ಜನವರಿಯಲ್ಲಿ, 2.4.1ನೆಯ ಆವೃತ್ತಿಯಲ್ಲಿ. ಅದಕ್ಕೂ ಮೊದಲೇ, 2000ದಲ್ಲಿ, ಸೂಸೆ ಕಂಪನಿ ತನ್ನ ಲಿನಕ್ಸಿನ 6.4ನೆಯ ಆವೃತ್ತಿಯೊಂದಿಗೆ ಅದನ್ನು ಕೊಟ್ಟಿತ್ತು. ಇಎಕ್ಸ್‌ಟಿ2ಕ್ಕೆ ಜರ್ನಲ್ ಸೇರಿಸಿ ಮಾಡಿದ ಇಎಕ್ಸ್‌ಟಿ3 ಮುಖ್ಯ ಕರ್ನಲ್ ಸೇರಿದ್ದು 2001ರ ನವೆಂಬರಿನಲ್ಲಿ. ನಮ್ಮ ಮೇಲ್ ಸರ್ವರನ್ನು ರೈಸರ್‌ಎಫ್‌ಎಸ್‌ಗೆ ಬದಲಾಯಿಸಿದ ಮೇಲೆ ಅದೇ ಯಂತ್ರ ಕರೆಂಟ್ ಬಂದ ಒಂದೆರಡು ನಿಮಿಷದಲ್ಲಿ ಎದ್ದು ನಿಲ್ಲುತ್ತಿತ್ತು. ಆ ದಿನಗಳ ನೆಮ್ಮದಿಯನ್ನು ನಾನು ಮರೆತಿಲ್ಲ.

ಜರ್ನಲ್ ಒಂದೇ ಆಗಿದ್ದರೆ ಜನ ಅದನ್ನು ಇಷ್ಟು ಹಚ್ಚಿಕೊಳ್ಳುತ್ತಿರಲಿಲ್ಲ. ಅದರ ನಿಜವಾದ ಜಾಣತನ ಸಣ್ಣ ಕಡತಗಳನ್ನು ಇಡುವ ರೀತಿಯಲ್ಲಿತ್ತು. ಸಾಮಾನ್ಯವಾಗಿ ಫೈಲ್ ಸಿಸ್ಟಂಗಳು ಡಿಸ್ಕನ್ನು 4096 ಬೈಟ್‌ಗಳ ಬ್ಲಾಕ್‌ಗಳಾಗಿ ಅಳೆದು ಹಂಚುತ್ತವೆ. 300 ಬೈಟ್‌ನ ಕಡತಕ್ಕೂ ಒಂದು ಇಡೀ ಬ್ಲಾಕ್ ಬೇಕು. ಒಂದು ಹಿಡಿ ಸಾಸಿವೆ ಕಟ್ಟಲು ಒಂದು ಗೋಣಿಚೀಲ ಕೊಟ್ಟಂತೆ. ಅಂಥ ಹತ್ತು ಸಾವಿರ ಕಡತಗಳಿದ್ದರೆ ಅವುಗಳಲ್ಲಿರುವುದು 3 ಎಂಬಿ, ಅವು ಹಿಡಿಯುವ ಜಾಗ 40 ಎಂಬಿ. 20 ಜಿಬಿ ಡಿಸ್ಕೇ ದೊಡ್ಡದೆನಿಸಿದ್ದ ಕಾಲದಲ್ಲಿ ಇದು ಸಣ್ಣ ನಷ್ಟವಲ್ಲ. ರೈಸರ್‌ಎಫ್‌ಎಸ್ ಏನು ಮಾಡುತ್ತಿತ್ತೆಂದರೆ, ಸಣ್ಣ ಕಡತಗಳನ್ನೂ, ಸ್ವಲ್ಪ ದೊಡ್ಡ ಕಡತಗಳ ಕೊನೆಯಲ್ಲಿ ಉಳಿಯುವ ತುಂಡುಗಳನ್ನೂ ಒಟ್ಟುಗೂಡಿಸಿ ಒಂದೇ ಬ್ಲಾಕಿನೊಳಗೆ ಅಡಕುತ್ತಿತ್ತು. 5000 ಬೈಟ್‌ನ ಕಡತವಿದ್ದರೆ 4096 ಬೈಟ್ ತನ್ನ ಬ್ಲಾಕಿಗೆ ಹೋಗುತ್ತದೆ, ಮಿಕ್ಕ 904 ಬೈಟ್‌ನ ಬಾಲ ಬೇರೆ ಬಾಲಗಳ ಜೊತೆ ಸೇರಿಕೊಳ್ಳುತ್ತದೆ. ಬಾಲ ಎಂಬ ಮಾತು ನನ್ನದಲ್ಲ. ಅದನ್ನು ಕಟ್ಟಿದವರೇ ಇಟ್ಟ ಹೆಸರಿನ ಕನ್ನಡ ರೂಪ.

ಈ ಅಡಕುವಿಕೆ ಸಾಧ್ಯವಾದದ್ದು ಅದರ ಒಳರಚನೆಯಿಂದ. ಕಡತದ ಹೆಸರು, ಗಾತ್ರ, ಮಾಲೀಕ, ಡೈರೆಕ್ಟರಿಯ ನಮೂದು, ಸಣ್ಣ ಕಡತದ ವಿಷಯ, ಎಲ್ಲವೂ ಒಂದೇ ಮರದ ಎಲೆಗಳಲ್ಲಿ ಕೂರುತ್ತಿದ್ದವು. ಯಾವ ಕೊಂಬೆಯೂ ಅತಿಯಾಗಿ ಉದ್ದವಾಗದಂತೆ ಆ ಮರ ತನ್ನನ್ನು ತಾನೇ ಸಮತೋಲ ಮಾಡಿಕೊಳ್ಳುತ್ತಿತ್ತು. ಒಂದು ಡೈರೆಕ್ಟರಿಯಲ್ಲಿ ಐವತ್ತು ಸಾವಿರ ಕಡತಗಳಿದ್ದರೆ ಇಎಕ್ಸ್‌ಟಿ2 ಹೆಸರುಗಳನ್ನು ಸಾಲಾಗಿ ಒಂದೊಂದೇ ಓದಬೇಕಿತ್ತು. ರೈಸರ್‌ಎಫ್‌ಎಸ್ ಹೆಸರಿನಿಂದ ಒಂದು ಸಂಖ್ಯೆ ಲೆಕ್ಕ ಹಾಕಿ, ಮರದಲ್ಲಿ ನಾಲ್ಕಾರು ಹೆಜ್ಜೆ ಇಳಿದು ನೇರ ಅಲ್ಲಿಗೇ ಹೋಗುತ್ತಿತ್ತು. ಒಂದು ಪತ್ರಕ್ಕೆ ಒಂದು ಕಡತ ಇಡುವ ಮೇಲ್ ಸರ್ವರ್‌ಗಳು, ಜಾಲಪುಟಗಳ ಚೂರುಗಳನ್ನು ಕೂಡಿಡುವ ಸ್ಕ್ವಿಡ್ ಪ್ರಾಕ್ಸಿಗಳು, ಲಕ್ಷಗಟ್ಟಲೆ ಪುಟ್ಟ ಕಡತಗಳ ಜೆಂಟೂ ಲಿನಕ್ಸ್, ಇವನ್ನೆಲ್ಲ ನಡೆಸುತ್ತಿದ್ದವರು ಇದನ್ನು ಆರಿಸಿಕೊಂಡದ್ದು ಈ ಕಾರಣಕ್ಕೆ.

ಇದರ ಹಿಂದಿದ್ದವನು ಹ್ಯಾನ್ಸ್ ರೈಸರ್. ಹದಿಹರೆಯದಲ್ಲೇ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯ ಸೇರಿದ್ದವನು. ಓಕ್ಲೆಂಡಿನಲ್ಲಿ ನೇಮ್‌ಸಿಸ್ ಎಂಬ ಕಂಪನಿ ಮಾಡಿ, ಕೋಡ್ ಬರೆಯಲು ರಷ್ಯಾದ ಪ್ರೋಗ್ರಾಮರ್‌ಗಳನ್ನು ನೇಮಿಸಿಕೊಂಡ. ಸೂಸೆ ಮತ್ತು ಸಂಗೀತದ ಜಾಲತಾಣ ಎಂಪಿ3.ಕಾಂ ಹಣ ಕೊಟ್ಟವು. ಫೈಲ್ ಸಿಸ್ಟಂಗೆ ಅವನ ಹೆಸರೇ ಅಂಟಿಕೊಂಡದ್ದರಿಂದ ಎಲ್ಲವನ್ನೂ ಅವನೊಬ್ಬನೇ ಬರೆದನೆಂದು ಜನ ತಿಳಿಯುತ್ತಾರೆ. ಅದು ಅನ್ಯಾಯ. ಜರ್ನಲ್ ಭಾಗವನ್ನು ಬರೆದವರು ಕ್ರಿಸ್ ಮೇಸನ್, ಸೂಸೆಯಲ್ಲಿದ್ದವರು. ನಿಮ್ಮ ತಂದೆಯವರ ಯಂತ್ರದಲ್ಲಿದ್ದ ರೈಸರ್‌ಎಫ್‌ಎಸ್ ಅಷ್ಟು ಗಟ್ಟಿಯಾಗಿದ್ದರೆ ಅದರಲ್ಲಿ ಸೂಸೆಯ ಎಂಜಿನಿಯರ್‌ಗಳ ದುಡಿಮೆ ದೊಡ್ಡದು.

ಬಿಕ್ಕಟ್ಟು ಶುರುವಾದದ್ದು 2004ರ ಹೊತ್ತಿಗೆ, ಕೊಲೆಗೆ ಎರಡು ವರ್ಷ ಮೊದಲು. ರೈಸರ್‌ನ ಮನಸ್ಸು ಆಗಲೇ ರೈಸರ್4 ಎಂಬ ಹೊಸ ಫೈಲ್ ಸಿಸ್ಟಂ ಕಡೆಗೆ ಹೊರಳಿತ್ತು. ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ಅದಕ್ಕೆ ಹಣ ಕೊಟ್ಟಿತ್ತು. ಹೊಸದೇನು ಬೇಕಿದ್ದರೂ ಅದು ರೈಸರ್4ರಲ್ಲಿ ಬರಲಿ, ಹಳೆಯದು ಇದ್ದ ಹಾಗೇ ಇರಲಿ ಎಂಬುದು ಅವನ ನಿಲುವು. ರೈಸರ್4 ಮಾತ್ರ ಮುಖ್ಯ ಕರ್ನಲ್‌ಗೆ ಎಂದೂ ಸೇರಲಿಲ್ಲ. ಎಲ್ಲ ಫೈಲ್ ಸಿಸ್ಟಂಗಳಿಗೂ ಸಾಮಾನ್ಯವಾದ ಕರ್ನಲ್ ಪದರದಲ್ಲಿ ಇರಬೇಕಾದ ಕೆಲಸವನ್ನು ಅದು ತನ್ನೊಳಗಿನ ಪ್ಲಗಿನ್‌ಗಳಲ್ಲಿ ಮಾಡುತ್ತದೆ, ಕೋಡಿನ ಶೈಲಿ ಕರ್ನಲ್ ನಿಯಮಕ್ಕೆ ಒಗ್ಗುವುದಿಲ್ಲ ಎಂಬ ಆಕ್ಷೇಪಗಳು ಬಂದವು. ಅವಕ್ಕೆ ಅವನು ಉತ್ತರಿಸಿದ್ದು ಜಗಳದ ಮಾತಿನಲ್ಲಿ. ಪರಿಶೀಲಿಸಲು ಕೂತವರನ್ನೇ ಅವನು ವಿರೋಧಿಗಳೆಂದು ಕಂಡ. ಅವನಿಗಿದ್ದ ಬುದ್ಧಿಶಕ್ತಿಯನ್ನು ನಾನು ಮೆಚ್ಚುತ್ತೇನೆ, ಆದರೆ ಈ ನಡವಳಿಕೆ ಆ ಯೋಜನೆಗೆ ಮಾಡಿದ ಹಾನಿ ಕಡಿಮೆಯಲ್ಲ: ಹಳೆಯದನ್ನು ಅವನೇ ಬಿಟ್ಟಿದ್ದ, ಹೊಸದನ್ನು ಉಳಿದವರು ಒಪ್ಪಲಿಲ್ಲ, ನಡುವೆ ನಿಂತು ಕೈ ಜೋಡಿಸಬೇಕಾದವರು ದೂರ ಸರಿದರು.

2006ರ ಸೆಪ್ಟೆಂಬರ್ 3ರಂದು ಹ್ಯಾನ್ಸ್‌ನ ಹೆಂಡತಿ ನೀನಾ ರೈಸರ್ ಕಾಣೆಯಾದರು. ಆಕೆ ರಷ್ಯಾದಲ್ಲಿ ವೈದ್ಯಕೀಯ ಓದಿ ಬಂದವರು, ಇಬ್ಬರು ಮಕ್ಕಳ ತಾಯಿ, ಹ್ಯಾನ್ಸ್‌ನಿಂದ ಬೇರೆಯಾಗಿ ವಿಚ್ಛೇದನಕ್ಕೆ ಹೋಗಿದ್ದರು. ಅಕ್ಟೋಬರ್ 10ರಂದು ಹ್ಯಾನ್ಸ್ ಬಂಧನವಾಯಿತು. 2008ರ ಏಪ್ರಿಲ್‌ನಲ್ಲಿ ತೀರ್ಪುಗಾರರು ಅವನನ್ನು ಕೊಲೆ ಅಪರಾಧಿ ಎಂದರು. ಆ ವರ್ಷದ ಜುಲೈಯಲ್ಲಿ ಅವನೇ ಪೊಲೀಸರನ್ನು ಕರೆದೊಯ್ದು ಶವ ಹೂತ ಜಾಗ ತೋರಿಸಿದ; ಅದಕ್ಕೆ ಪ್ರತಿಯಾಗಿ ಶಿಕ್ಷೆ ಹದಿನೈದು ವರ್ಷದಿಂದ ಜೀವಾವಧಿ ಎಂದಾಯಿತು. ಈ ಫೈಲ್ ಸಿಸ್ಟಂ ಹೆಸರು ಬಂದಾಗಲೆಲ್ಲ ಕೊಲೆಯ ಬಗ್ಗೆ ನಗೆಚಾಟಿಕೆ ಮಾಡುವವರನ್ನು ಕಂಡಿದ್ದೇನೆ. ದಯವಿಟ್ಟು ಅದರಲ್ಲಿ ಪಾಲುಗೊಳ್ಳಬೇಡಿ. ಪ್ರಾಣ ಕಳೆದುಕೊಂಡ ಹೆಂಗಸಿನ ಹೆಸರೂ ಗೊತ್ತಿಲ್ಲದೆ ಆ ಮಾತು ಆಡುವವರೇ ಹೆಚ್ಚು.

ಈಗ ತಾರೀಕುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ರೈಸರ್‌ಎಫ್‌ಎಸ್ ಬದಲು ಇಎಕ್ಸ್‌ಟಿ3 ಅನ್ನು ಮೊದಲ ಆಯ್ಕೆಯಾಗಿಸೋಣ ಎಂದು ಸೂಸೆಯ ಜೆಫ್ ಮಹೋನಿ ಪ್ರಸ್ತಾವ ಬರೆದದ್ದು 2006ರ ಸೆಪ್ಟೆಂಬರ್ ಮಧ್ಯದಲ್ಲಿ, ಬಂಧನಕ್ಕೂ ಮೊದಲು. ಕೊಟ್ಟ ಕಾರಣಗಳೆಲ್ಲ ತಾಂತ್ರಿಕ: ಅನೇಕ ಪ್ರೊಸೆಸರ್‌ಗಳಿರುವ ಯಂತ್ರಗಳಲ್ಲಿ ಅದು ಹಿಗ್ಗುವುದಿಲ್ಲ, ನೋಡಿಕೊಳ್ಳುವವರು ಕಡಿಮೆಯಾಗುತ್ತಿದ್ದಾರೆ, ಮೂಲ ಕಂಪನಿಯೇ ರೈಸರ್4ರ ಕಡೆಗೆ ಹೋಗಿದೆ. ಅದೇ ಡಿಸೆಂಬರಿನಲ್ಲಿ ಬಂದ ಓಪನ್‌ಸೂಸೆ 10.2ರಲ್ಲಿ ಹೊಸದಾಗಿ ಅನುಸ್ಥಾಪಿಸಿದರೆ ಸಿಗುತ್ತಿದ್ದದ್ದು ಇಎಕ್ಸ್‌ಟಿ3.

ಆ ‘ಹಿಗ್ಗುವುದಿಲ್ಲ’ ಎಂಬುದರ ಹಿಂದೊಂದು ಸ್ವಾರಸ್ಯವಿದೆ. ಒಟ್ಟಿಗೆ ನಡೆಯುವ ಕೆಲಸಗಳು ಒಂದರ ಮೇಲೊಂದು ಬೀಳದಂತೆ ತಡೆಯಲು ಹಳೆಯ ಲಿನಕ್ಸ್ ಕರ್ನಲ್‌ಗೆ ಒಂದು ದೊಡ್ಡ ಬೀಗವಿತ್ತು. ಅದನ್ನು ಹಿಡಿದವರು ಒಬ್ಬರಾದರೆ ಅದೇ ಬೀಗ ಬೇಕಾದ ಉಳಿದವರೆಲ್ಲ ಕಾಯಬೇಕು. ಒಂದೇ ಪ್ರೊಸೆಸರ್ ಇದ್ದ ಕಾಲಕ್ಕೆ ಸರಿ. ಎಂಟು, ಹದಿನಾರು ಪ್ರೊಸೆಸರ್‌ಗಳ ಯಂತ್ರದಲ್ಲಿ ಅದು ಕತ್ತು ಹಿಸುಕುತ್ತದೆ. ಬೇರೆ ಫೈಲ್ ಸಿಸ್ಟಂಗಳು ಕ್ರಮೇಣ ಅದರಿಂದ ಬಿಡಿಸಿಕೊಂಡವು. ರೈಸರ್‌ಎಫ್‌ಎಸ್ ಆ ಬೀಗದ ವಿಚಿತ್ರ ಗುಣಗಳನ್ನೇ ನಂಬಿ ಕಟ್ಟಿದ್ದು: ಹಿಡಿದವರೇ ಮತ್ತೊಮ್ಮೆ ಹಿಡಿಯಬಹುದು, ಹಿಡಿದವರು ನಿದ್ದೆಗೆ ಜಾರಿದರೆ ಬೀಗ ತಾನಾಗಿ ಬಿಡುತ್ತದೆ. ಸುಮ್ಮನೆ ಅದರ ಜಾಗದಲ್ಲಿ ಬೇರೆ ಬೀಗ ಹಾಕಲು ಬರುತ್ತಿರಲಿಲ್ಲ. ಕೊನೆಗೆ ಫ್ರೆಡೆರಿಕ್ ವೈಸ್‌ಬೆಕರ್ ಎಂಬವರು ಕುಳಿತು, ಪ್ರತಿ ಫೈಲ್ ಸಿಸ್ಟಂಗೂ ಅದರದೇ ಬೀಗ ಇರುವಂತೆ ಬಿಡಿಸಿ ಬರೆದರು. 2010ರ ಆರಂಭದಲ್ಲಿ ಬಂದ 2.6.33ರಲ್ಲಿ ಅದು ಸೇರಿತು. ನೋಡಿ, ರೈಸರ್ ಜೈಲಿನಲ್ಲಿ ಇದ್ದಾಗಲೂ ಯಾರೋ ಒಬ್ಬರು ಆ ಕೋಡಿನೊಳಗೆ ಕೈ ಹಾಕಿ ಅದನ್ನು ಓಡುವಂತೆ ಇಟ್ಟರು. ದ್ವೇಷಕ್ಕೆ ಕಿತ್ತುಹಾಕುವವರಿಗೆ ಅದಕ್ಕಿಂತ ಒಳ್ಳೆಯ ನೆಪ ಬೇಕಿರಲಿಲ್ಲ.

ಹಾಗಾದರೆ ಕೊಲೆಗೂ ಇದಕ್ಕೂ ಸಂಬಂಧವೇ ಇಲ್ಲವೇ? ಇದೆ. ಬಂಧನದ ನಂತರ ನೇಮ್‌ಸಿಸ್ ಮುಚ್ಚಿತು. ಅಲ್ಲಿದ್ದ ಎಡ್ವರ್ಡ್ ಶಿಶ್ಕಿನ್ ಎಂಬವರು ರೈಸರ್4 ಅನ್ನು ಕರ್ನಲ್‌ನ ಹೊರಗೆ ವರ್ಷಗಟ್ಟಲೆ ಕಾಪಾಡಿಕೊಂಡು ಬಂದರು, 2019ರ ಕೊನೆಯ ದಿನ ರೈಸರ್5 ಎಂಬುದನ್ನೂ ಪ್ರಕಟಿಸಿದರು. ಹಳೆಯ ರೈಸರ್‌ಎಫ್‌ಎಸ್‌ಗೆ ಅಷ್ಟು ಹಚ್ಚಿಕೊಂಡವರು ಯಾರೂ ಸಿಗಲಿಲ್ಲ. ಕೋಡ್ ಜಿಪಿಎಲ್ ಪರವಾನಗಿಯಲ್ಲಿ ಎಲ್ಲರಿಗೂ ತೆರೆದಿತ್ತು. ಯಾರು ಬೇಕಾದರೂ ಎತ್ತಿಕೊಂಡು ಮುಂದುವರಿಸಬಹುದಿತ್ತು. ಆದರೆ ಅಷ್ಟರಲ್ಲಿ ಇಎಕ್ಸ್‌ಟಿ3 ಹೋಗಿ ಇಎಕ್ಸ್‌ಟಿ4 ಬಂದಿತ್ತು, ಡಿಸ್ಕ್‌ಗಳು ಟೆರಾಬೈಟ್ ಮುಟ್ಟಿದ್ದವು, ಬಾಲಗಳನ್ನು ಅಡಕಿ ಉಳಿಸುವ ಜಾಗಕ್ಕೆ ಬೆಲೆಯೇ ಇರಲಿಲ್ಲ.

ಬಳಸುವವರಿಲ್ಲದಿದ್ದರೂ ಕೋಡ್ ಸುಮ್ಮನೆ ಬಿದ್ದಿರಲಿ ಎಂದರೆ ಆಗುವುದಿಲ್ಲ. ಕರ್ನಲ್‌ನ ಒಳಗಿನ ವ್ಯವಸ್ಥೆ ಬದಲಾದಾಗಲೆಲ್ಲ ಪ್ರತಿಯೊಂದು ಫೈಲ್ ಸಿಸ್ಟಂ ಅನ್ನೂ ಅದಕ್ಕೆ ತಕ್ಕಂತೆ ತಿದ್ದಬೇಕು, ತಿದ್ದಿದ ಮೇಲೆ ಪರೀಕ್ಷಿಸಬೇಕು. 2022ರ ಫೆಬ್ರುವರಿಯಲ್ಲಿ, ಕರ್ನಲ್ ಬರೆಯುವವರಲ್ಲಿ ಒಬ್ಬರಾದ ಮ್ಯಾಥ್ಯೂ ವಿಲ್ಕಾಕ್ಸ್ ಅಂಥದೊಂದು ಹಳೆಯ ವ್ಯವಸ್ಥೆಯನ್ನು ಸ್ವಚ್ಛಗೊಳಿಸುತ್ತಿದ್ದಾಗ ಅದನ್ನು ಬಳಸುತ್ತಿದ್ದದ್ದು ರೈಸರ್‌ಎಫ್‌ಎಸ್ ಒಂದೇ ಎಂದು ಕಂಡಿತು. ಇದನ್ನು ಇನ್ನೂ ಇಟ್ಟುಕೊಳ್ಳಬೇಕೇ ಎಂದು ಅವರು ಕೇಳಿದರು. ಉತ್ತರ ಕೊಟ್ಟವರು ಸೂಸೆಯವರೇ ಆದ ಯಾನ್ ಕಾರಾ. ಒಂದು ಕಾಲದಲ್ಲಿ ಅದನ್ನು ತಲೆಯ ಮೇಲೆ ಹೊತ್ತು ಮೆರೆಸಿದ ಸಂಸ್ಥೆಯವರೇ ಬೀಳ್ಕೊಡುವ ಕೆಲಸವನ್ನೂ ಮಾಡಿದರು. ಆ ವರ್ಷದ ಮೇನಲ್ಲಿ ಬಂದ 5.18ರಲ್ಲಿ, 2025ಕ್ಕೆ ಇದು ಹೋಗುತ್ತದೆ ಎಂಬ ಎಚ್ಚರಿಕೆ ಸೇರಿತು. ಡಿಸ್ಕ್ ತೆರೆದಾಗಲೆಲ್ಲ ಆ ಸಾಲು ಕಾಣುತ್ತಿತ್ತು. 2024ರ ನವೆಂಬರಿನಲ್ಲಿ ಬಂದ 6.12 ಅದನ್ನು ಹೊಂದಿದ್ದ ಕೊನೆಯ ಆವೃತ್ತಿ. 2025ರ ಜನವರಿಯಲ್ಲಿ 6.13 ಬಂದಾಗ ಮೂವತ್ತೆರಡು ಸಾವಿರಕ್ಕೂ ಹೆಚ್ಚು ಸಾಲುಗಳ ಆ ಕೋಡ್ ಇರಲಿಲ್ಲ. ಮೂರು ವರ್ಷದ ಮುನ್ಸೂಚನೆ ಕೊಟ್ಟು, ಮಾತಿಗೆ ತಪ್ಪದೆ ತೆಗೆದರು. ಇದಕ್ಕಿಂತ ಮರ್ಯಾದೆಯ ವಿದಾಯವನ್ನು ನಾನು ಬೇರೆ ತಂತ್ರಾಂಶಕ್ಕೆ ಕಂಡಿಲ್ಲ. 2024ರ ಜನವರಿಯಲ್ಲಿ ಬೆಳಕಿಗೆ ಬಂದ ರೈಸರ್‌ನ ಜೈಲಿನ ಪತ್ರವೊಂದರಲ್ಲಿ ಅವನೂ ಇದನ್ನು ವಿರೋಧಿಸಲಿಲ್ಲ. ಕರ್ನಲ್ ಬಳಗದೊಂದಿಗೆ ತಾನು ನಡೆದುಕೊಂಡ ರೀತಿಗೆ ವಿಷಾದ ಬರೆದಿದ್ದ.

ಅದರ ವಿಚಾರಗಳು ಬದುಕಿವೆ. ಜರ್ನಲ್ ಬರೆದ ಕ್ರಿಸ್ ಮೇಸನ್ ಮುಂದೆ ಒರಾಕಲ್ ಸೇರಿ 2007ರಲ್ಲಿ ಬಿಟಿಆರ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಂ ಶುರುಮಾಡಿದರು. ಸಣ್ಣ ಕಡತವನ್ನು ಮರದ ಎಲೆಯಲ್ಲೇ ಇಡುವ ಪದ್ಧತಿ ಅದರಲ್ಲೂ ಇದೆ. ಇವತ್ತು ಫೆಡೋರಾ ಲಿನಕ್ಸಿನ ಡೆಸ್ಕ್‌ಟಾಪ್‌ನಲ್ಲಿ, ಓಪನ್‌ಸೂಸೆಯಲ್ಲಿ ಮೊದಲ ಆಯ್ಕೆ ಅದೇ.

ಈಗ ನಿಮ್ಮ ಡಿಸ್ಕಿಗೆ ಬರೋಣ. 2005ರ 40 ಜಿಬಿ ಡಿಸ್ಕ್ ಎಂದರೆ ಅಗಲವಾದ ಕೇಬಲ್‌ನ ಐಡಿಇ ಡಿಸ್ಕ್ ಇರಬೇಕು. ಅದಕ್ಕೆ ಬೇಕಾದ ಯುಎಸ್‌ಬಿ ಅಡಾಪ್ಟರ್‌ಗೆ ಬೇರೆ ವಿದ್ಯುತ್ ಸಂಪರ್ಕ ಇರಲಿ. ಲ್ಯಾಪ್‌ಟಾಪಿನ ಯುಎಸ್‌ಬಿ ಮಾತ್ರ ಆ ಮೋಟಾರನ್ನು ತಿರುಗಿಸಲಾರದು. ಹಿಂಬದಿಯ ಸಣ್ಣ ಜಂಪರ್ ‘ಮಾಸ್ಟರ್’ ಜಾಗದಲ್ಲಿರಲಿ. ನಂತರ ಡಿಡಿರೆಸ್ಕ್ಯೂ ಎಂಬ ಉಚಿತ ಸಾಧನದಿಂದ ಇಡೀ ಡಿಸ್ಕಿನ ನಕಲನ್ನು ಒಂದೇ ದೊಡ್ಡ ಕಡತವಾಗಿ ತೆಗೆಯಿರಿ. ನಕಲು ಇಡುವ ಡ್ರೈವ್ ಇಎಕ್ಸ್‌ಟಿ4 ಆಗಿರಲಿ. ಪೆನ್‌ಡ್ರೈವ್‌ಗಳಲ್ಲಿ ಸಾಮಾನ್ಯವಾಗಿ ಇರುವ ಫ್ಯಾಟ್32 ನಾಲ್ಕು ಜಿಬಿಗಿಂತ ದೊಡ್ಡ ಕಡತವನ್ನು ಹಿಡಿಯುವುದಿಲ್ಲ. ಮೂಲ ಡಿಸ್ಕಿನ ಕೆಲಸ ಇಲ್ಲಿಗೆ ಮುಗಿಯಿತು. ಮುಂದಿನದೆಲ್ಲ ನಕಲಿನ ಮೇಲೆ.

ನಕಲನ್ನು ತೆರೆಯಲು 6.12 ಅಥವಾ ಅದಕ್ಕಿಂತ ಹಳೆಯ ಕರ್ನಲ್ ಬೇಕು. ಹೊಸ ಲ್ಯಾಪ್‌ಟಾಪಿನ ಲಿನಕ್ಸನ್ನು ಮುಟ್ಟಬೇಡಿ; ಅದರೊಳಗೆ ವರ್ಚುವಲ್ ಯಂತ್ರ, ಅಂದರೆ ತಂತ್ರಾಂಶದಲ್ಲೇ ಕಟ್ಟಿದ ಇನ್ನೊಂದು ಕಂಪ್ಯೂಟರ್, ಮಾಡಿ, 2010ರ ಆಸುಪಾಸಿನ ಓಪನ್‌ಸೂಸೆ ಅಥವಾ ಡೆಬಿಯನ್ ಲಿನಕ್ಸ್ ಹಾಕಿ, ನೆಟ್‌ವರ್ಕ್ ಬಂದ್ ಮಾಡಿ. ‘ಓದಲು ಮಾತ್ರ’ ಎಂದು ಹೇಳಿ ತೆರೆದರೂ ರೈಸರ್‌ಎಫ್‌ಎಸ್ ತನ್ನ ಜರ್ನಲ್‌ನಲ್ಲಿ ಬಾಕಿ ಉಳಿದದ್ದನ್ನು ಮೊದಲು ಮುಗಿಸುತ್ತದೆ, ಅಂದರೆ ಡಿಸ್ಕಿಗೆ ಬರೆಯುತ್ತದೆ. ನಕಲು ಮಾಡಿಕೊಳ್ಳಿ ಎಂದು ನಾನು ಒತ್ತಿ ಹೇಳಿದ್ದು ಇದಕ್ಕೇ. ನಿಮಗೆ ಹತ್ತರಲ್ಲಿ ಒಂಬತ್ತು ಪಾಲು ಇಷ್ಟರಲ್ಲೇ ಕಡತಗಳು ಕಾಣುತ್ತವೆ ಎಂಬುದು ನನ್ನ ಅಂದಾಜು.

ತೆರೆಯದಿದ್ದರೆ ರೈಸರ್‌ಎಫ್‌ಎಸ್‌ನ ಪರಿಶೀಲನಾ ಸಾಧನವನ್ನು ಬರೀ ‘ಚೆಕ್’ ರೀತಿಯಲ್ಲಿ ಓಡಿಸಿ. ಅದರಲ್ಲಿ ‘ರೀಬಿಲ್ಡ್ ಟ್ರೀ’ ಎಂಬ ಆಯ್ಕೆಯೊಂದಿದೆ. ಅದು ಡಿಸ್ಕಿನುದ್ದಕ್ಕೂ ಮರದ ಎಲೆಗಳಂತೆ ಕಾಣುವ ಬ್ಲಾಕ್‌ಗಳನ್ನು ಹುಡುಕಿ, ಎಲ್ಲವನ್ನೂ ಪೋಣಿಸಿ ಹೊಸ ಮರ ಕಟ್ಟುತ್ತದೆ. ಅಪಾಯ ಇರುವುದು ಇಲ್ಲೇ. ಆ ಡಿಸ್ಕಿನೊಳಗೆ ಇನ್ನೊಂದು ರೈಸರ್‌ಎಫ್‌ಎಸ್ ಡಿಸ್ಕಿನ ನಕಲು ಕಡತವಾಗಿ ಕೂತಿದ್ದರೆ, ಅದರ ಎಲೆಗಳಾವುವು, ತನ್ನ ಎಲೆಗಳಾವುವು ಎಂದು ಅದಕ್ಕೆ ತಿಳಿಯದು. ಎರಡನ್ನೂ ಬೆರೆಸಿಬಿಡುತ್ತದೆ. ನಾನೊಮ್ಮೆ ಬ್ಯಾಕಪ್ ಡಿಸ್ಕಿನ ಮೇಲೆ ಇದನ್ನು ಓಡಿಸಿ, ಎರಡು ಯಂತ್ರಗಳ ಕಡತಗಳು ಒಂದೇ ಡೈರೆಕ್ಟರಿಯಲ್ಲಿ ಕಲಸಿಹೋದದ್ದನ್ನು ಬೇರ್ಪಡಿಸಲು ಮೂರು ದಿನ ಕಳೆದಿದ್ದೇನೆ. ಆದ್ದರಿಂದ ನಕಲಿನದೂ ಒಂದು ನಕಲು ಮಾಡಿಕೊಂಡು, ಬೇರೆ ದಾರಿಯೇ ಇಲ್ಲದಾಗ ಮಾತ್ರ ಅದಕ್ಕೆ ಕೈ ಹಾಕಿ.

ಮುದ್ರಣಾಲಯದ ಡಿಸ್ಕ್ ಆದ್ದರಿಂದ ಇನ್ನೊಂದು ಮಾತು. ಆ ಕಾಲದಲ್ಲಿ ಗಿರಾಕಿಗಳು ತಂದುಕೊಡುತ್ತಿದ್ದ ಕನ್ನಡ ಕಡತಗಳು ಬಹುಪಾಲು ಯೂನಿಕೋಡ್‌ನಲ್ಲಿ ಇರುತ್ತಿರಲಿಲ್ಲ. ನುಡಿ, ಬರಹದಂಥ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಇರುತ್ತಿದ್ದವು. ಅವನ್ನು ಈಗ ತೆರೆದರೆ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಚೆಲ್ಲಾಡಿದಂತೆ ಕಾಣುತ್ತದೆ. ಕಡತ ಹಾಳಾಗಿದೆ ಎಂದು ಅಳಿಸಬೇಡಿ. ಅದೇ ಫಾಂಟ್ ಹಾಕಿಕೊಂಡರೆ, ಇಲ್ಲವೇ ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕದಲ್ಲಿ ಹಾಯಿಸಿದರೆ, ನಿಮ್ಮ ತಂದೆಯವರು ಕರಡು ತಿದ್ದಿದ ಪುಟಗಳು ಕನ್ನಡದಲ್ಲೇ ಕಾಣುತ್ತವೆ.